ಕೀ ಉತ್ತರದ ತುತ್ತತುದಿ

ಅಕ್ಕನ ಮಗ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲೆಂದು ಧಾರವಾಡದ ಸಪ್ತಾಪುರದಲ್ಲಿ ರೂಮ್ ಹಿಡಿದು ಮೂರು ವರ್ಷವಾಯಿತು. ಮೂವರು ಹುಡುಗರು, ಒಂದು ಗ್ಯಾಸ್ ಒಲೆ, ಗೋಡೆಯ ಮೇಲೆ ಭಾರತದ ನಕ್ಷೆ, ನಕ್ಷೆಯ ಮೊಳೆಗೆ ನೇತುಹಾಕಿದ ಬನಿಯನ್ನು. ಕಳೆದ ತಿಂಗಳು ಆ ಕಡೆ ಹೋಗಿದ್ದಾಗ ಚಹಾ ಕೈಗಿಟ್ಟು, ಬಾಗಿಲು ಮುಂದೆ ಮಾಡಿ, ಮನೆಯ ಆಸ್ತಿ ವಿಷಯ ಎತ್ತುವವನ ಹಾಗೆ ದನಿ ತಗ್ಗಿಸಿ ಕೇಳಿದ: "ಮಾಮಾ, ಭಾರತದ ಅತಿ ಎತ್ತರದ ಶಿಖರ ಯಾವ್ದ್ರೀ?"

ಐದನೇ ಕ್ಲಾಸಿನ ಪ್ರಶ್ನೆ. "ಕಾಂಚನಜುಂಗಾ" ಅಂದೆ.

"ಯಾವ ಗೈಡ್ ಪ್ರಕಾರ ಹೇಳಾಕತ್ತೀರಿ?"

ಮೂರು ಗೈಡು ತೆಗೆದು ಹಾಸಿಗೆ ಮೇಲೆ ಸಾಲಾಗಿ ಇಟ್ಟ. ಮೊದಲನೆಯದರಲ್ಲಿ ಕೆ2, ಎತ್ತರ 8,611 ಮೀಟರ್. ಎರಡನೆಯದರಲ್ಲಿ ಕಾಂಚನಜುಂಗಾ, 8,586 ಮೀಟರ್. ಮೂರನೆಯದರಲ್ಲಿ ನಂದಾದೇವಿ, 7,816 ಮೀಟರ್. ನಾಲ್ಕನೆಯದೂ ಒಂದಿತ್ತಂತೆ. ಅದರಲ್ಲಿ ಎವರೆಸ್ಟ್ ಅಂತ ಅಚ್ಚಾಗಿದ್ದರಿಂದ ಅದನ್ನು ಮಿರ್ಚಿ ಬಜಿಯ ಎಣ್ಣೆ ಹೀರಿಸಲು ಬಳಸಿ ಮುಗಿಸಿದ್ದರು.

ಮೂರೂ ತಪ್ಪಾಗಿದ್ದರೆ ಚಿಂತೆ ಇರಲಿಲ್ಲ. ಮೂರೂ ಸರಿ.

ನಮ್ಮ ಅಧಿಕೃತ ನಕ್ಷೆಯ ಗೆರೆ ಕಾರಕೋರಂ ಪರ್ವತಸಾಲು ದಾಟಿ ಹೋಗುವುದರಿಂದ ಕೆ2 ನಮ್ಮದು. ಹತ್ತುತ್ತೇನೆ ಎಂದವರು ಮಾತ್ರ ಪರ್ಮಿಟ್ ಕೇಳಬೇಕಾದ್ದು ಪಾಕಿಸ್ತಾನವನ್ನು. ಆಚೆ ಮಗ್ಗುಲಿಂದ ಹತ್ತುವ ಹಠ ಇದ್ದರೆ ಚೀನಾವನ್ನು. ಪಹಣಿಯಲ್ಲಿ ನಮ್ಮ ಹೆಸರು, ಉಳುಮೆ ಇನ್ನೊಬ್ಬನದು. 1856ರಲ್ಲಿ ಮಾಂಟ್‌ಗೊಮರಿ ಎಂಬ ಸರ್ವೆ ಅಧಿಕಾರಿ ದೂರದಿಂದ ಕಂಡ ಶಿಖರಗಳಿಗೆ ಕೆ1, ಕೆ2 ಎಂದು ನಂಬರು ಹಾಕಿಕೊಂಡು ಹೋದ, ಗಣತಿಯವರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗುವ ಹಾಗೆ. ಕೆ1ಗೆ ಮಷರ್‌ಬ್ರಮ್ ಎಂಬ ಅಲ್ಲಿಯದೇ ಹೆಸರು ಸಿಕ್ಕಿತು. ಕೆ2ಗೆ ಸೀಮೆಸುಣ್ಣದ ನಂಬರೇ ಕಾಯಂ ಆಯಿತು. ಗಾಡ್ವಿನ್ ಆಸ್ಟಿನ್ ಎಂಬ ಇನ್ನೊಂದು ಹೆಸರನ್ನು ಜಗತ್ತು ಹೆಚ್ಚುಕಡಿಮೆ ಕೈಬಿಟ್ಟಿದೆ, ನಮ್ಮ ಗೈಡುಗಳು ಮಾತ್ರ ಕಂಸದಲ್ಲಿಟ್ಟು ಸಾಕುತ್ತಿವೆ.

ನಕ್ಷೆ ಬದಿಗಿಟ್ಟು ಕೈಗೆಟುಕುವುದನ್ನಷ್ಟೇ ಎಣಿಸಿದರೆ ಕಾಂಚನಜುಂಗಾ ಮೊದಲನೆಯದು. ಅದಕ್ಕೂ ಆ ಪಟ್ಟ ಹುಟ್ಟಿನಿಂದ ಬಂದದ್ದಲ್ಲ. 1975ರವರೆಗೆ ಆ ಜಾಗದಲ್ಲಿದ್ದದ್ದು ನಂದಾದೇವಿ. ಆ ವರ್ಷದ ಮೇ ತಿಂಗಳಲ್ಲಿ ಸಂವಿಧಾನದ 36ನೇ ತಿದ್ದುಪಡಿಯಾಗಿ ಸಿಕ್ಕಿಂ ದೇಶದ 22ನೇ ರಾಜ್ಯವಾಯಿತು. ಭೂಖಂಡಗಳು ಗುದ್ದಾಡಿ ಹಿಮಾಲಯವನ್ನು ಎತ್ತಲು ಕೋಟಿಗಟ್ಟಲೆ ವರ್ಷ ತೆಗೆದುಕೊಂಡವು. ಸಂಸತ್ತು ಒಂದು ಕಲ್ಲೂ ಅಲುಗಾಡಿಸದೆ ದೇಶವನ್ನು 770 ಮೀಟರ್ ಎತ್ತರಿಸಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಮುಗಿದ ಕಾಮಗಾರಿ ಲೋಕೋಪಯೋಗಿಯ ಚರಿತ್ರೆಯಲ್ಲಿ ಇನ್ನೊಂದಿರಲಾರದು.

ನಂದಾದೇವಿಯನ್ನೇನು ಮಾಡುವುದು? ಅಷ್ಟು ವರ್ಷ ಮೊದಲ ಕುರ್ಚಿಯಲ್ಲಿ ಕೂತದ್ದನ್ನು ಏಕಾಏಕಿ ಎಬ್ಬಿಸುವಂತಿಲ್ಲ. ಹುದ್ದೆ ಹೋದ ಅಧಿಕಾರಿಗೆ 'ವಿಶೇಷ ಕರ್ತವ್ಯ' ಅಂತ ಬೋರ್ಡು ಬರೆಸಿ ಕಾರಿಡಾರಿನ ಕೊನೆಯ ಕೋಣೆ ಕೊಡುತ್ತಾರಲ್ಲ, ಹಾಗೆ ನಂದಾದೇವಿಗೆ ಒಂದು ವಿಶೇಷಣ ಸಿಕ್ಕಿತು: 'ಸಂಪೂರ್ಣವಾಗಿ ಭಾರತದೊಳಗಿರುವ ಅತಿ ಎತ್ತರದ ಶಿಖರ'. ಕಾಂಚನಜುಂಗಾದ ಅರ್ಧ ಮೈ ನೇಪಾಳದಲ್ಲಿದೆ, ಹಾಗಾಗಿ ಅದು 'ಸಂಪೂರ್ಣವಾಗಿ' ಅಲ್ಲ. ಅಲ್ಲಿಂದ ಶುರುವಾಯಿತು ನೋಡಿ. ಬೆಟ್ಟವನ್ನು ಎತ್ತರಿಸಲಾಗದವರು ವಾಕ್ಯವನ್ನು ಉದ್ದ ಮಾಡುವ ವಿದ್ಯೆ ಕಲಿತರು.

ಈ ವಿದ್ಯೆಯಲ್ಲಿ ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. ಮುಳ್ಳಯ್ಯನಗಿರಿ 1,930 ಮೀಟರ್. ಕೆಲವು ಪುಸ್ತಕಗಳಲ್ಲಿ 1,925. ಕರ್ನಾಟಕದ ಅತಿ ಎತ್ತರದ ಶಿಖರ ಎನ್ನುವುದಕ್ಕೆ ಯಾರ ತಕರಾರೂ ಇಲ್ಲ. ಇಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಹೋಂಸ್ಟೇ ಕರಪತ್ರದಿಂದ ಹಿಡಿದು ಜೀಪ್ ಡ್ರೈವರ್‌ವರೆಗೆ ಎಲ್ಲರೂ ಹೇಳುವುದು, 'ಹಿಮಾಲಯ ಮತ್ತು ನೀಲಗಿರಿಯ ನಡುವೆ ಅತಿ ಎತ್ತರದ ಶಿಖರ ಸಾರ್ ಇದು'. ಅದೇ ಮಾತನ್ನು 1,722 ಮೀಟರಿನ ಗುರುಶಿಖರದ ನೆತ್ತಿಯಲ್ಲಿ ನಿಂತು ಮೌಂಟ್ ಅಬುವಿನ ಗೈಡುಗಳೂ ಹೇಳುತ್ತಾರೆ. ವಯನಾಡಿನ 2,073 ಮೀಟರಿನ ಬಾಣಾಸುರ ಬೆಟ್ಟದವರೂ ಅದನ್ನೇ ಹೇಳುತ್ತಾರೆ. ಹಿಮಾಲಯ ಮತ್ತು ನೀಲಗಿರಿಯ ನಡುವೆ ಇಷ್ಟೊಂದು ಅತಿ ಎತ್ತರದ ಶಿಖರಗಳು ಇದ್ದ ಮೇಲೆ ಮಳೆಮೋಡಗಳು ದಾಟುವುದಾದರೂ ಹೇಗೋ.

ಮುಳ್ಳಯ್ಯನಗಿರಿಯನ್ನು ಹತ್ತುವುದು ಎಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ. ಕಾರು ಬೆಟ್ಟದ ಕುತ್ತಿಗೆಯವರೆಗೆ ಹೋಗುತ್ತದೆ. ವಾರಾಂತ್ಯವಾದರೆ ಕಾರಿಗಿಂತ ಮೊದಲು ಕಾರುಗಳ ಸಾಲು ಹೋಗಿರುತ್ತದೆ. ಅಲ್ಲಿಂದ ಮೆಟ್ಟಿಲು. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ, ಪಕ್ಕದಲ್ಲೇ ಪೊಲೀಸ್ ವೈರ್‌ಲೆಸ್ ಕೇಂದ್ರ. ನಾನು ಹೋದ ದಿನ ಮಂಜು ಎಷ್ಟಿತ್ತೆಂದರೆ ಮುಂದಿನವನ ರೈನ್‌ಕೋಟಿನ ಬೆನ್ನು ಬಿಟ್ಟರೆ ರಾಜ್ಯದ ಅತಿ ಎತ್ತರದ ಜಾಗದಿಂದ ಕಂಡದ್ದು ಏನೂ ಇಲ್ಲ. ಆ ಬೆನ್ನಿನ ಮೇಲೆ 'ಸಮ್ಮಿಟ್ ಕಾಂಕರರ್' ಎಂದು ಬರೆದಿತ್ತು. ಅವನು ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದ.

ಮತ್ತೆ ದೊಡ್ಡ ಬೆಟ್ಟಗಳಿಗೆ ಬರೋಣ. ಮೂರು ಗೈಡು, ಮೂರು ಶಿಖರ. ಮೂರರ ನಡುವೆ ಒಂದು ಸಾಮ್ಯವಿದೆ, ಅದು ಯಾವ ಗೈಡಿನಲ್ಲೂ ಇಲ್ಲ: ಯಾವುದನ್ನೂ ನಮ್ಮ ನೆಲದಿಂದ ಹತ್ತುವಂತಿಲ್ಲ.

ಕಾಂಚನಜುಂಗಾ ಸಿಕ್ಕಿಮಿನ ಜನಕ್ಕೆ ದೇವರು. 1955ರಲ್ಲಿ ಮೊದಲು ಹತ್ತಿದ ಬ್ರಿಟಿಷರಾದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಇಬ್ಬರೂ ಸಿಕ್ಕಿಮಿನ ಅರಸರಾದ ಚೋಗ್ಯಾಲರಿಗೆ ಕೊಟ್ಟ ಮಾತಿನಂತೆ ತುದಿಗೆ ಕೆಲವೇ ಅಡಿ ಇರುವಾಗ ನಿಂತು, ನೆತ್ತಿ ತುಳಿಯದೆ ಇಳಿದರು. ಅಷ್ಟು ದೂರ ಏದುಸಿರು ಬಿಟ್ಟುಕೊಂಡು ಹೋಗಿ ಕೊನೆಯ ನಾಲ್ಕು ಹೆಜ್ಜೆ ಬಿಟ್ಟು ಬರುವುದಕ್ಕೆ ಹತ್ತುವುದಕ್ಕಿಂತ ದೊಡ್ಡ ಎದೆ ಬೇಕು. ಅದನ್ನು ತಮಾಷೆ ಮಾಡುವ ಮನಸ್ಸು ನನಗಿಲ್ಲ. ತಮಾಷೆ ಇರುವುದು ಫೈಲುಗಳಲ್ಲಿ. 2001ರಲ್ಲಿ ಸಿಕ್ಕಿಂ ಕಡೆಯಿಂದ ಹತ್ತುವುದನ್ನೇ ನಿಷೇಧಿಸಲಾಯಿತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಗೃಹ ಇಲಾಖೆ ವಿದೇಶಿ ಪರ್ವತಾರೋಹಿಗಳಿಗೆಂದು 137 ಶಿಖರಗಳ ಬಾಗಿಲು ತೆರೆಯಿತು. ಪಟ್ಟಿ ನೋಡಿದರೆ ಅದರಲ್ಲಿ ಕಾಂಚನಜುಂಗಾ! ಸಿಕ್ಕಿಮಿನವರು ದೇವರನ್ನು ಪಟ್ಟಿಗೆ ಸೇರಿಸಿದವರು ಯಾರು ಎಂದು ಸಿಟ್ಟಾದರು. ದೆಹಲಿಯಲ್ಲಿ ಕೂತು ಪಟ್ಟಿ ಮಾಡಿದವರಿಗೆ ಅದು ಕಂಡದ್ದು ಕ್ರಮ ಸಂಖ್ಯೆ, ಎತ್ತರ, ರಾಜ್ಯ ಎಂಬ ಮೂರು ಕಾಲಮ್ಮುಗಳಲ್ಲಿ. ದೇವರಿಗೆ ಕಾಲಮ್ಮು ಇರಲಿಲ್ಲ.

ಇಷ್ಟಾದ ಮೇಲೂ ಹತ್ತಲೇಬೇಕೆಂಬ ಭಾರತೀಯನಿಗೆ ದಾರಿ ಇದೆ. ನೇಪಾಳಕ್ಕೆ ಹೋಗಿ, ಅಲ್ಲಿಯ ಸರ್ಕಾರಕ್ಕೆ ಶುಲ್ಕ ಕಟ್ಟಿ, ಆ ಕಡೆಯ ಮಗ್ಗುಲಿಂದ ಏರಬಹುದು. ನಮ್ಮ ಮನೆಯ ಅಟ್ಟ ಹತ್ತಲು ಪಕ್ಕದ ಮನೆಯವರಿಗೆ ಬಾಡಿಗೆ ಕೊಟ್ಟು ಅವರ ಏಣಿ ಕೇಳಿದ ಹಾಗೆ.

ನಂದಾದೇವಿಯ ಕತೆಯಲ್ಲಿ ದೇವರ ಜೊತೆ ಗೂಢಚಾರರೂ ಇದ್ದಾರೆ. 1936ರಲ್ಲಿ ಟಿಲ್ಮನ್ ಮತ್ತು ಓಡೆಲ್ ಹತ್ತಿದ ಈ ಶಿಖರದ ಮೇಲೆ, 1965ರಲ್ಲಿ ಅಮೆರಿಕದ ಸಿಐಎ ಮತ್ತು ನಮ್ಮ ಗುಪ್ತಚರ ದಳ ಸೇರಿ ಚೀನಾದ ಅಣುಪರೀಕ್ಷೆಗಳ ಮೇಲೆ ಕಣ್ಣಿಡುವ ಯಂತ್ರ ಕೂರಿಸಲು ಹೊರಟವು. ಅದನ್ನು ನಡೆಸಲು ಪ್ಲುಟೋನಿಯಂ ತುಂಬಿದ ವಿದ್ಯುತ್ ಜನಕ. ಹವೆ ಕೆಟ್ಟಿತು, ಸಾಮಾನನ್ನು ದಾರಿಯಲ್ಲೇ ಕಟ್ಟಿಟ್ಟು ಇಳಿದರು. ಮರುವರ್ಷ ಹೋಗಿ ನೋಡಿದರೆ ಪ್ಲುಟೋನಿಯಂ ಇಲ್ಲ. ಇವತ್ತಿಗೂ ಸಿಕ್ಕಿಲ್ಲ. ನಾವು ಬಸ್ಸಿನಲ್ಲಿ ಕೊಡೆ ಬಿಟ್ಟು ಬಂದರೆ ಮನೆಯಲ್ಲಿ ಒಂದು ವಾರ ಬೈಸಿಕೊಳ್ಳುತ್ತೇವೆ. ಆಮೇಲೆ 1970ರ ದಶಕದಲ್ಲಿ ಕೆಲವು ವರ್ಷ ಹತ್ತುವವರಿಗೆ ಬಿಟ್ಟು, ಅವರು ಚೆಲ್ಲಿ ಹೋದ ಕಸ ಮತ್ತು ಕಡಿದ ಸೌದೆ ನೋಡಿ, 1983ರ ಹೊತ್ತಿಗೆ ಒಳಗಿನ ಕಣಿವೆಯನ್ನೇ ಮುಚ್ಚಿದರು. 1988ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಡಿಗೆ ಒಳ್ಳೆಯದೇ ಆಯಿತು. ದೂರದ ಬೆಟ್ಟ ನುಣ್ಣಗೆ ಉಳಿಯಬೇಕಾದರೆ ಯಾರೂ ಹತ್ತಿರ ಹೋಗಬಾರದು.

ಇವೆರಡನ್ನೂ ಬಿಟ್ಟರೆ ಗಢ್ವಾಲದ ಕಾಮೆಟ್, 7,756 ಮೀಟರ್. 1931ರಲ್ಲೇ ಹತ್ತಿದ್ದಾರೆ, ಈಗಲೂ ಅನುಮತಿ ಪಡೆದು ನಮ್ಮ ನೆಲದಿಂದಲೇ ಹತ್ತಬಹುದು. ಅದಕ್ಕೇ ಇರಬೇಕು, ಯಾವ ಪರೀಕ್ಷೆಯಲ್ಲೂ ಅದನ್ನು ಕೇಳುವುದಿಲ್ಲ.

ಹೀಗಾಗಿ ಬಹುಪಾಲು ಕನಸುಗಳು ಎವರೆಸ್ಟಿನ ದಾರಿ ಹಿಡಿದಿವೆ. ಅಲ್ಲಿಯೂ ಹತ್ತಲೇಬೇಕೆಂಬ ಕಡ್ಡಾಯವಿಲ್ಲ. 2016ರಲ್ಲಿ ನೆರೆರಾಜ್ಯದ ಪೊಲೀಸ್ ದಂಪತಿ ತುದಿ ಮುಟ್ಟಿದೆವೆಂದು ತೋರಿಸಿದ ಫೋಟೊಗಳು ಇನ್ನೊಬ್ಬರ ಫೋಟೊ ತಿದ್ದಿ ಮಾಡಿದವು ಎಂದು ಬಯಲಾಗಿ, ನೇಪಾಳ ಅವರಿಗೆ ಹತ್ತು ವರ್ಷ ಬೆಟ್ಟ ಹತ್ತದಂತೆ ನಿಷೇಧ ಹಾಕಿತು. ಹತ್ತದೇ ಇದ್ದವರಿಗೆ ಹತ್ತಬಾರದೆಂಬ ಶಿಕ್ಷೆ.

ಎವರೆಸ್ಟಿನ ಎತ್ತರವಾದರೂ ನೆಟ್ಟಗಿದೆಯೇ? 1856ರಲ್ಲಿ ಸರ್ವೆಯವರು ಅದು 29,002 ಅಡಿ ಎಂದು ಸಾರಿದರು. ಲೆಕ್ಕ ಸರಿಯಾಗಿ 29,000ಕ್ಕೇ ಬಂದಿತ್ತು, ಅಷ್ಟು ದುಂಡು ಸಂಖ್ಯೆ ಹೇಳಿದರೆ ಅಂದಾಜಿಗೆ ಹೇಳಿದ್ದಾರೆ ಎಂದು ಜನ ನಗುತ್ತಾರೆಂದು ಸಾಹೇಬರು ಎರಡು ಅಡಿ ಸೇರಿಸಿದರು ಎಂಬ ಮಾತಿದೆ. ನಿಜವೋ ಸುಳ್ಳೋ, ಸರ್ಕಾರಿ ಕಚೇರಿ ಕಂಡವರಿಗೆ ನಂಬಲು ಕಷ್ಟವಾಗುವುದಿಲ್ಲ. 2005ರಲ್ಲಿ ಚೀನಾ ಅಳೆದು 8,844.43 ಮೀಟರ್ ಎಂದಿತು. ನೇಪಾಳ 8,848ಕ್ಕೇ ಅಂಟಿಕೊಂಡಿತು. ಜಗಳ ಇದ್ದದ್ದು ನೆತ್ತಿಯ ಮೇಲಿನ ಹಿಮದ ಬಗ್ಗೆ: ಅದನ್ನು ಬೆಟ್ಟದ ಲೆಕ್ಕಕ್ಕೆ ಹಿಡಿಯುವುದೋ, ಬಂಡೆಗೆ ನಿಲ್ಲಿಸುವುದೋ. ಅಂತೂ 2020ರಲ್ಲಿ ಇಬ್ಬರೂ ಕೂಡಿ ಹಿಮ ಸಮೇತ 8,848.86 ಎಂದು ಘೋಷಿಸಿದರು.

ಇದನ್ನೆಲ್ಲ ಹುಡುಗನಿಗೆ ವಿವರಿಸಿ, ಚಹಾ ಆರಿಸಿಕೊಂಡು ಕುಡಿದು, "ಈಗ ಹೇಳು, ಪರೀಕ್ಷೆಯಲ್ಲಿ ಏನು ಕೇಳಿದ್ದರು?" ಅಂದೆ.

"ಭಾರತದ ಅತಿ ಎತ್ತರದ ಶಿಖರ ಅಂತ ಅಷ್ಟ ಕೇಳಿದ್ರು. ನಾಲ್ಕು ಆಯ್ಕೆಯೊಳಗ ಈ ಮೂರೂ ಇದ್ವು. ನಾಲ್ಕನೇದು ಕೇರಳದ ಆನೆಮುಡಿ. ನಾ ಕಾಂಚನಜುಂಗಾ ಬರದೆ. ತಾತ್ಕಾಲಿಕ ಕೀ ಉತ್ತರದಾಗ ನಂದಾದೇವಿ ಅಂತ ಬಂತು. ರೊಕ್ಕ ಕಟ್ಟಿ ಆಕ್ಷೇಪಣೆ ಹಾಕಿದೆ. ಕೆ2 ಬರೆದಾವ್ರು ಗೋಡೆ ಮ್ಯಾಲಿನ ನಕ್ಷೆ ಫೋಟೊ ಹೊಡದು ಹಾಕಿದ್ರು. ಅಂತಿಮ ಕೀ ಉತ್ತರದಾಗ ಎಲ್ಲಾರಿಗೂ ಕೃಪಾಂಕ ಕೊಟ್ರು ನೋಡ್ರಿ. ಆನೆಮುಡಿ ಬರೆದಾವ್ಗೂ."

"ಒಳ್ಳೇದೇ ಆಯ್ತಲ್ಲೋ. ಪಾಸಾದಿ?"

"ಲೇಖಿ ಪರೀಕ್ಷೆ ಪಾಸಾದೆ ಮಾಮಾ. ದೇಹದಾರ್ಢ್ಯದಾಗ ಹೋತು."

ಖಾಕಿ ಹುದ್ದೆಗೆ ಗಂಡಸರ ಎತ್ತರ ಕನಿಷ್ಠ 168 ಸೆಂಟಿಮೀಟರ್ ಇರಬೇಕು. ಗೋಡೆಗೆ ನಿಲ್ಲಿಸಿ ಅಳೆದಾಗ ಇವನದು 167.6 ಬಂತಂತೆ. ಕೂದಲು ದಟ್ಟ, ಅಕ್ಕನ ಕಡೆಯದು. ಅಳೆಯುವ ಪಟ್ಟಿ ಕೂದಲ ಮೇಲೆ ಕೂತಾಗ 168 ದಾಟಿತ್ತು. ಸಾಹೇಬರು ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಬುರುಡೆಗೆ ಮುಟ್ಟಿಸಿದರು.

"ನಾ ಕೇಳಿದೆ ಮಾಮಾ. ಸರ, ಎವರೆಸ್ಟಿಗೆ ಹಿಮ ಹಿಡದ ಅಳದಾರಲ್ರಿ ಅಂತ."

"ಏನಂದ್ರು?"

"ಮುಂದಿನಾವ ಬಾ ಅಂದ್ರು."