ಜ್ಞಾನ ಉಳಿಸಲು ಐದೇ ನಿಮಿಷ

ಮತ್ತೆ ಬಂತು. ‘ಮಾನ್ಯರೇ, ಸಂಸ್ಥೆಗಳಲ್ಲಿ ನಾಯಕತ್ವ ಮತ್ತು ಜ್ಞಾನದ ಉಳಿಕೆ ಕುರಿತ ನನ್ನ ಪಿಎಚ್‌.ಡಿ.ಗಾಗಿ ಈ ಫಾರ್ಮ್ ತುಂಬಿ. ಐದೇ ನಿಮಿಷ.’ ಕೆಳಗೆ ಲಿಂಕು, ಅದರ ಕೆಳಗೆ ಕೈಮುಗಿದ ಎರಡು ಇಮೋಜಿ. ವಾಟ್ಸ್‌ಆ್ಯಪ್ ಇರುವ ನೌಕರರಿಗೆಲ್ಲ ಈ ಕೈಮುಗಿತದ ಪರಿಚಯ ಇದ್ದದ್ದೇ.

ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ‘ನನ್ನ ಮೇಲಧಿಕಾರಿ ಜ್ಞಾನ ಹಂಚಿಕೆಗೆ ಪ್ರೋತ್ಸಾಹ ಕೊಡುತ್ತಾರೆ.’ ಲಿಂಕನ್ನು ಗ್ರೂಪಿಗೆ ಹಾಕಿದವರೇ ಮೇಲಧಿಕಾರಿ. 5 ಒತ್ತದೆ ಗತಿಯಿಲ್ಲ. ಬೇಕಾದದ್ದು 384 ಜನ. ಯಾಕೆ 384? 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೊಟ್ಟ ಕೋಷ್ಟಕದಲ್ಲಿ ಹತ್ತು ಲಕ್ಷ ಜನರ ಪೈಕಿ 384 ಮಂದಿಯನ್ನು ಕೇಳಿದರೆ ಸಾಕು ಅಂತಿದೆ. ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿದರೆ ಮಾತ್ರ ಆ ಲೆಕ್ಕ ಸರಿ ಎಂಬುದು ಯಾರಿಗೂ ಬೇಡ. ಭಾವಮೈದುನನ ಆಫೀಸು, ಹಳೇ ಹಾಸ್ಟೆಲ್ ಗ್ರೂಪು, ಅಲ್ಲಿಗೂ ಸಾಲದಿದ್ದರೆ ಕೊನೆಯ ಅರವತ್ತನ್ನು ರೂಮ್‌ಮೇಟ್ ಒಬ್ಬನೇ ಕೂತು ತುಂಬುತ್ತಾನೆ.

ತಮಾಷೆ ಇನ್ನೂ ಮುಂದಿದೆ. ಕ್ರೋನ್‌ಬ್ಯಾಕ್ ಆಲ್ಫಾ, ಅಂದರೆ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, 0.7 ದಾಟಿದರೆ ಪ್ರಶ್ನಾವಳಿ ನಂಬಲರ್ಹ. ಒಬ್ಬ ಓದದೆ ಎಲ್ಲಕ್ಕೂ 3, ಇನ್ನೊಬ್ಬ ಎಲ್ಲಕ್ಕೂ 4, ಮಗದೊಬ್ಬ ಎಲ್ಲಕ್ಕೂ 5 ಒತ್ತಿದರೋ, ಆಲ್ಫಾ ನೇರ 1ಕ್ಕೆ ಹೋಗಿ ಕೂರುತ್ತದೆ. ಪ್ರಶ್ನೆ ಓದಿ, ಯೋಚಿಸಿ ಉತ್ತರಿಸಿದ ಪುಣ್ಯಾತ್ಮನಿಂದಲೇ ಅದು ಕೆಳಗಿಳಿಯುವುದು.

ಪ್ರಬಂಧದ ಎರಡನೇ ಅಧ್ಯಾಯಕ್ಕೆ ಜಪಾನಿನ ಮ್ಯಾನೇಜ್ಮೆಂಟ್ ಪಂಡಿತ ನೊನಾಕಾ ಬಂದೇ ಬರುತ್ತಾರೆ, ಜ್ಞಾನ ಒಬ್ಬರಿಂದೊಬ್ಬರಿಗೆ ದಾಟುವ ಬಗೆ ತೋರುವ ನಾಲ್ಕು ಚೌಕದ ಚಿತ್ರದ ಸಮೇತ. ಪಾಪ, ಅವರು ಹೇಳಿದ ಕತೆ ಚೆನ್ನಾಗಿದೆ. ಮಾತ್ಸುಶಿತಾ ಕಂಪನಿ ಮನೆಬಳಕೆಯ ಬ್ರೆಡ್ ಯಂತ್ರ ಮಾಡಹೊರಟಿತ್ತು. ಬ್ರೆಡ್ಡು ಹೊರಗೆ ಕಂದುತ್ತಿತ್ತು, ಒಳಗೆ ಹಸಿ. ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಒಸಾಕಾದ ಹೋಟೆಲೊಂದರ ಮುಖ್ಯ ಬೇಕರ್ ಪಕ್ಕ ನಿಂತು ಹಿಟ್ಟು ನಾದಲು ಕಲಿತರು. ಆತ ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತಲೇ ತಿರುಚುತ್ತಿದ್ದ. ಅದನ್ನು ಹಿಡಿದು ಯಂತ್ರದ ಒಳಗೋಡೆಗೆ ಏಣುಗಳನ್ನು ಕೊಟ್ಟರು, ಬ್ರೆಡ್ಡು ಬೆಂದಿತು. ಈ ಕತೆಯನ್ನು ಎರಡು ಪುಟ ಬರೆದು ನಮ್ಮ ಸಂಶೋಧಕರು ಮೂರನೇ ಅಧ್ಯಾಯಕ್ಕೆಂದು ನಮಗೆ ಫಾರ್ಮಿನ ಲಿಂಕು ಕಳಿಸುತ್ತಾರೆ.

ನಮ್ಮ ಕಚೇರಿಗಳಲ್ಲಿ ಕೈಪಳಗಿದ ಇಂಥ ಬೇಕರ್‌ಗಳೆಲ್ಲ ಮೇ 31ಕ್ಕೆ ನಿವೃತ್ತರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ತಲೆಮಾರು ಅದು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. ಸಂಜೆ ಹಾರ, ಮೈಸೂರು ಪೇಟ, ಫಲತಾಂಬೂಲ. ಮುಂದಿನವರಿಗೆ ಒಪ್ಪಿಸುವ ಚಾರ್ಜ್ ಲಿಸ್ಟಿನಲ್ಲಿ ಕಬ್ಬಿಣದ ಬೀರು 2, ರಬ್ಬರ್ ಸ್ಟ್ಯಾಂಪು 4, ಕುರ್ಚಿ 6 (ಒಂದಕ್ಕೆ ಕೈಯಿಲ್ಲ). ನೀರು ಬಿಡುವ ವಾಲ್ವ್‌ಮನ್ ಆದರೆ ಉದ್ದನೆಯ ಕೀಲಿ 1. ಪೇಟೆ ಬೀದಿಯ ವಾಲ್ವನ್ನು ಮೊದಲು ಎರಡೇ ಸುತ್ತು ತಿರುಗಿಸಿ ಪೈಪಿನೊಳಗಿನ ಗಾಳಿ ಹೋಗಲು ಬಿಡಬೇಕು, ಒಂದೇ ಏಟಿಗೆ ತೆರೆದರೆ ನೀರಿನ ಹೊಡೆತಕ್ಕೆ ಹಳೇ ಜಾಯಿಂಟು ಬಿಡುತ್ತದೆ ಎಂಬುದಕ್ಕೆ ಲಿಸ್ಟಿನಲ್ಲಿ ಕಾಲಂ ಇಲ್ಲ. ಜೂನ್ 1ಕ್ಕೆ ಪೇಟೆ ಬೀದಿಯಲ್ಲಿ ಕಾರಂಜಿ.

ಇನ್ನು ಸಂಶೋಧನೆ ಮಾಡಿಸುವ ವಿಶ್ವವಿದ್ಯಾಲಯ. ಕಾಯಂ ಪ್ರಾಧ್ಯಾಪಕರು ಬೆರಳೆಣಿಕೆ, ಉಳಿದವರೆಲ್ಲ ಅತಿಥಿಗಳು. ಹದಿನೈದು ವರ್ಷ ಪಾಠ ಮಾಡಿದ ಅತಿಥಿಯೂ ಪ್ರತಿ ವರ್ಷ ಅದೇ ಅಂಕಪಟ್ಟಿಯ ಜೆರಾಕ್ಸ್ ಲಗತ್ತಿಸಿ ಹೊಸದಾಗಿ ಅರ್ಜಿ ಹಾಕಬೇಕು. ನಾಯಕತ್ವ ಕೇಳಿದಿರಾ? ಕುಲಪತಿ ಪ್ರಭಾರ. ಮನುಷ್ಯರನ್ನು ಉಳಿಸಿಕೊಳ್ಳದವರು ಜ್ಞಾನ ಉಳಿಸುತ್ತಾರಂತೆ! ನಾಚಿಕೆಯಾಗಬೇಕು. ಖಾಲಿ ಹುದ್ದೆ ತುಂಬಿ, ಹೋಗುವವರ ಪಕ್ಕ ಬರುವವರನ್ನು ಮೂರು ತಿಂಗಳು ಕೂರಿಸಿ. ಇಷ್ಟಕ್ಕೆ ಡಾಕ್ಟರೇಟು ಬೇಕಿಲ್ಲ. ಒಂದು ಹುದ್ದೆಗೆ ಮೂರು ತಿಂಗಳು ಎರಡು ಸಂಬಳ ಬೇಕು. ಆ ಮಾತೆತ್ತಿ ನೋಡಿ, ಫೈಲು ಎಲ್ಲಿ ಮಲಗುತ್ತದೆಂದು ಗೊತ್ತಾಗುತ್ತದೆ.

ಅಂದಹಾಗೆ, ಫಾರ್ಮಿನ ಕೊನೆಯಲ್ಲಿ ಒಂದು ಖಾಲಿ ಚೌಕವಿದೆ: ‘ಇನ್ನೇನಾದರೂ ಹೇಳುವುದಿದ್ದರೆ (ಐಚ್ಛಿಕ)’. ವಾಲ್ವ್‌ಮನ್ ಎರಡು ಸುತ್ತಿನ ವಿಷಯ ಬರೆಯುವುದಿದ್ದರೆ ಅಲ್ಲೇ ಬರೆಯಬೇಕು. ಎಸ್‌ಪಿಎಸ್‌ಎಸ್‌ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಅಕ್ಷರ ಬೇಡ, ಅಂಕಿ ಬೇಕು. ಹಾಗಾಗಿ ಮೊದಲು ಡಿಲೀಟ್ ಆಗುವ ಕಾಲಂ ಅದೇ.