ಮೊದಲ ತುತ್ತಿಗೆ ಮುಂಚಿನ ಅರ್ಧ ನಿಮಿಷ

ಕ್ರೈಸ್ತ ಮನೆಗಳಲ್ಲಿ ಊಟದ ಮುಂಚಿನ ಪ್ರಾರ್ಥನೆಗೆ ಹಿಡಿಯುವುದು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರೊಳಗೆ ಏನೆಲ್ಲ ನಡೆದುಹೋಗುತ್ತದೆ! ಮುಚ್ಚಿದ ಕಣ್ಣುಗಳ ನಡುವೆ ಒಂದು ಜೊತೆ ಅರೆ ತೆರೆದಿರುತ್ತದೆ. ಚಿಕ್ಕದೊಂದು ಕೈ ತಟ್ಟೆಯ ಅಂಚಿನವರೆಗೆ ಹೋಗಿ, ಯಾರಾದರೂ ನೋಡಿಯಾರು ಎಂದು ಅಲ್ಲೇ ನಿಂತಿರುತ್ತದೆ. ಮಗುಚಿಟ್ಟ ಫೋನು ಮೇಜಿನ ಮೇಲೆ ಗುರ್ರೆನ್ನುತ್ತದೆ. ಕೊನೆಗೆ ‘ಆಮೆನ್’ನ ನಕಾರವೂ ಚಮಚದ ಸದ್ದೂ ಒಟ್ಟೊಟ್ಟಿಗೇ ಕೇಳಿಸುತ್ತವೆ.

ದಿನಕ್ಕೆ ಮೂರು ಹೊತ್ತು ಎಂದರೆ ವರ್ಷಕ್ಕೆ 1,095 ಸಲ. ಇಷ್ಟು ಸಲ ಬಳಸಿದ ಯಾವುದು ತಾನೇ ಸವೆಯದೆ ಉಳಿದೀತು? ಶಬ್ದಗಳ ಮೂಲೆಗಳೆಲ್ಲ ನುಣುಪಾಗಿ, ಒಂದಕ್ಕೊಂದು ಅಂಟಿಕೊಂಡು, ಇಡೀ ಪ್ರಾರ್ಥನೆ ಒಂದೇ ಉದ್ದನೆಯ ಪದವಾಗಿಬಿಡುತ್ತದೆ. ಹಾಗೆಂದು ಬಾಯಿಪಾಠವನ್ನು ಹೀಗಳೆಯುವುದು ಸರಿಯಲ್ಲ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗಾಗಿ ಬರೆದ ಕಿರು ಧರ್ಮೋಪದೇಶದಲ್ಲಿ ಊಟಕ್ಕೆ ಮುಂಚೆ ಹೇಳಲು ಬೈಬಲಿನ 145ನೆಯ ಕೀರ್ತನೆಯ ಎರಡು ವಚನಗಳನ್ನು ಆರಿಸಿಟ್ಟ. ಎಲ್ಲ ಜೀವಿಗಳೂ ದೇವರ ಕಡೆ ನೋಡುತ್ತಿವೆ, ಅವನು ಕೈ ತೆರೆದು ಹೊತ್ತುಹೊತ್ತಿಗೆ ಉಣಿಸುತ್ತಾನೆ ಎಂಬ ಮಾತು ಅದು. ದಣಿದು ಬಂದ ರಾತ್ರಿ, ಮಾತೇ ಹುಟ್ಟದ ಹೊತ್ತಿನಲ್ಲಿ, ಇಂಥ ಸಿದ್ಧ ವಾಕ್ಯ ಊರುಗೋಲಿನಂತೆ ಕೈಗೆ ಸಿಗುತ್ತದೆ. ಕೆಡುವುದು ವೇಗದಿಂದ. ಅದಕ್ಕೆ ಇರುವ ಮದ್ದು ಸಣ್ಣದು: ಬಾಯಿಪಾಠ ಮುಗಿದ ಮೇಲೆ, ಆಮೆನ್‌ಗೆ ಮುಂಚೆ, ಆ ದಿನದ್ದೇ ಆದ ಒಂದು ಹೊಸ ವಾಕ್ಯ. ಒಂದೇ ಒಂದು. ಎರಡಾದರೆ ಮೂರಾಗುತ್ತದೆ, ಮೂರಾದರೆ ಊಟ ಆರುತ್ತದೆ.

ಆ ಒಂದು ವಾಕ್ಯದಲ್ಲಿ ಏನು ಹೇಳಬೇಕು ಎಂಬಲ್ಲೇ ಹೆಚ್ಚಿನವರು ತಡವರಿಸುವುದು. ‘ಈ ಊಟಕ್ಕಾಗಿ ಸ್ತೋತ್ರ (ಕೃತಜ್ಞತೆ)’ ಎಂದರೆ ತಪ್ಪೇನಿಲ್ಲ, ಆದರೆ ಮನಸ್ಸಿಗೆ ಹಿಡಿತ ಸಿಗುವುದಿಲ್ಲ. ತಟ್ಟೆಯಿಂದ ಹಿಂದಕ್ಕೆ ನಡೆಯುವುದು ಸುಲಭದ ದಾರಿ. ತಟ್ಟೆಗೆ ಬಂದದ್ದು ಪಾತ್ರೆಯಿಂದ, ಪಾತ್ರೆಗೆ ಬಿಸಿ ಒಲೆಯಿಂದ, ಒಲೆಯ ಮುಂದೆ ನಿಂತದ್ದು ಯಾರೋ, ಅವರ ಕೈಗೆ ಕಾಳು ಬಂದದ್ದು ಚೀಲದಿಂದ, ಚೀಲ ಹೊತ್ತದ್ದು ಇನ್ನಾರೋ, ಅದಕ್ಕೂ ಹಿಂದೆ ಮಣ್ಣು, ಮಳೆ. ದಿನಕ್ಕೊಂದು ಮೆಟ್ಟಿಲು ಹಿಡಿದರೆ ಸಾಕು. ಇವತ್ತು ಉಪ್ಪು, ನಾಳೆ ನೀರು, ನಾಳಿದ್ದು ಚೀಲ ಹೊತ್ತ ಹೆಗಲು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಹೊರಟರೆ ದಿನಸಿ ಪಟ್ಟಿ ಓದಿದಂತಿರುತ್ತದೆ.

ಅಂದಹಾಗೆ ಒಲೆಯ ಮುಂದೆ ನಿಂತವರ ವಿಷಯ. ಎಲ್ಲರೂ ಕೂತು ಕೈಮುಗಿದು ‘ಕರ್ತನೇ, ಈ ಊಟವನ್ನು ಸಿದ್ಧಪಡಿಸಿದ ಕೈಗಳನ್ನು ಆಶೀರ್ವದಿಸು’ ಎಂದು ಬೇಡುವಾಗ ಆ ಕೈಗಳು ಒಳಗೆ ಪಾತ್ರೆ ಇಳಿಸುತ್ತಿರುತ್ತವೆ. ಇದಕ್ಕಿಂತ ದೊಡ್ಡ ಎಡವಟ್ಟು ಊಟದ ಪ್ರಾರ್ಥನೆಯಲ್ಲಿ ಇನ್ನೊಂದಿಲ್ಲ. ಅಡುಗೆ ಮಾಡಿದವರು ಬಂದು ಕೂತ ಮೇಲೇ ತಲೆ ಬಾಗಬೇಕು. ಅವರು ‘ನೀವು ಶುರು ಮಾಡಿ’ ಎಂದರೆ ಅದನ್ನು ನಂಬಬಾರದು.

ಕಣ್ಣಿನ ಬಗ್ಗೆಯೂ ಒಂದು ಮಾತು. ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟ ಮಕ್ಕಳಿಗೆ ಗದರಿಕೆ ತಪ್ಪಿದ್ದಲ್ಲ. ಆದರೆ ಸಾವಿರಾರು ಜನಕ್ಕೆ ಉಣಿಸಲು ಐದು ರೊಟ್ಟಿ, ಎರಡು ಮೀನು ಕೈಯಲ್ಲಿದ್ದಾಗ ಯೇಸು ಆಕಾಶದ ಕಡೆ ನೋಡಿ ಸ್ತೋತ್ರ ಸಲ್ಲಿಸಿದನೆಂದು, ಯೇಸುವಿನ ಬದುಕಿನ ಕಥೆಯಾದ ಸುವಾರ್ತೆಯಲ್ಲಿ ಮಾರ್ಕ ಬರೆಯುತ್ತಾನೆ. ಕಣ್ಣು ತೆರೆದೇ ಇತ್ತು. ಯೆಹೂದ್ಯರಲ್ಲಿ ರೊಟ್ಟಿಗೆ ಮುಂಚೆ ಹೇಳುವ ಹಳೆಯ ಸ್ತೋತ್ರದಲ್ಲೂ ಕೊಂಡಾಟವೆಲ್ಲ ಭೂಮಿಯಿಂದ ರೊಟ್ಟಿ ಬರಿಸುವ ದೇವರಿಗೆ. ರೊಟ್ಟಿಗೆ ಹೊಗಳಿಕೆ ಇಲ್ಲ. ಐದು ರೊಟ್ಟಿಯ ಘಟನೆಯನ್ನೇ ಹೇಳುವಾಗ ಇನ್ನೊಬ್ಬ ಸುವಾರ್ತಿಕ ಯೋಹಾನ ಬಳಸಿದ ಗ್ರೀಕ್ ಕ್ರಿಯಾಪದದ ಅರ್ಥ ‘ಕೃತಜ್ಞತೆ ಸಲ್ಲಿಸಿ’. ಪವಿತ್ರ ಭೋಜನಕ್ಕೆ ಯೂಕರಿಸ್ಟ್ ಎಂಬ ಹೆಸರು ಬಂದದ್ದೂ ಇದೇ ಧಾತುವಿನಿಂದ. ವೇದಿಕೆಯ ಮೇಲಿನ ದೊಡ್ಡ ಆರಾಧನೆಗೂ ಅಡುಗೆಮನೆಯ ಪಕ್ಕದ ಈ ಅರ್ಧ ನಿಮಿಷಕ್ಕೂ ಬೇರು ಒಂದೇ.

ಕೆಡುವ ಬಗೆಗಳು ಇನ್ನೂ ಎರಡಿವೆ. ಒಂದು, ದೇವರಿಗೆ ಹೇಳುವ ನೆಪದಲ್ಲಿ ಎದುರು ಕೂತವರಿಗೆ ಹೇಳುವುದು. ‘ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ಬೆಳಿಗ್ಗೆ ಬೇಗ ಏಳುವ ಮನಸ್ಸು ಕೊಡು’ ಎಂಬ ಧಾಟಿ. ಕೇಳಿದವರು ಆಮೆನ್ ಹೇಳುತ್ತಾರೆ, ಆದರೆ ಹಲ್ಲು ಕಚ್ಚಿಕೊಂಡು. ಇನ್ನೊಂದು ಹೆಚ್ಚು ನಯವಾದದ್ದು, ಹಾಗಾಗಿ ಹೆಚ್ಚು ಅಪಾಯದ್ದು: ‘ಎಷ್ಟೋ ಜನಕ್ಕೆ ಇದೂ ಇಲ್ಲ, ನಮಗೆ ಕೊಟ್ಟೆಯಲ್ಲ’ ಎಂಬ ಹೋಲಿಕೆಯ ಸ್ತೋತ್ರ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಫರಿಸಾಯನೂ (ಕಟ್ಟುನಿಟ್ಟಿನ ಯೆಹೂದ್ಯ ಪಂಗಡದವನು) ಸ್ತೋತ್ರದಿಂದಲೇ ಆರಂಭಿಸುತ್ತಾನೆ. ತಾನು ಉಳಿದವರಂತಲ್ಲ ಎಂಬುದಕ್ಕೆ ಸ್ತೋತ್ರ. ಇಲ್ಲದವರ ನೆನಪು ಬಂದರೆ ಅವರಿಗಾಗಿ ಬೇಡಬಹುದು, ತಟ್ಟೆಯಿಂದ ಒಂದಿಷ್ಟು ತೆಗೆದೂ ಇಡಬಹುದು. ಅವರ ಹಸಿವನ್ನು ನಮ್ಮ ನೆಮ್ಮದಿಗೆ ಒಗ್ಗರಣೆ ಮಾಡಿಕೊಳ್ಳಬಾರದು.

ಇನ್ನು, ಸ್ತೋತ್ರ ಬಾಯಿಗೆ ಬಾರದ ದಿನಗಳು. ಆಸ್ಪತ್ರೆಯಿಂದ ಬಂದು ಕೂತ ರಾತ್ರಿ, ಒಂದು ಕುರ್ಚಿ ಖಾಲಿಯಾದ ವಾರ. ಆಗ ‘ಎಲ್ಲಕ್ಕೂ ಸ್ತೋತ್ರ’ ಎಂದು ಬಲವಂತವಾಗಿ ಹೇಳಿಸುವವರು ಇದ್ದಾರೆ. ಥೆಸಲೋನಿಕ ಪಟ್ಟಣದ ಕ್ರೈಸ್ತರಿಗೆ ಯೇಸುವಿನ ಅಪೊಸ್ತಲ ಪೌಲ ಬರೆದದ್ದು ‘ಎಲ್ಲಾದರಲ್ಲಿಯೂ’ ಕೃತಜ್ಞತಾಸ್ತುತಿ ಮಾಡಿರಿ ಎಂದು. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅದು ಸಪ್ತಮಿ, ಚತುರ್ಥಿಯಲ್ಲ. ನೋವಿಗೆ ಸ್ತೋತ್ರ ಬೇರೆ, ನೋವಿನಲ್ಲಿ ಸ್ತೋತ್ರ ಬೇರೆ. ಎಫೆಸದವರಿಗೆ ಬರೆಯುವಾಗ ಅವನು ಚತುರ್ಥಿಯನ್ನೂ ಬಳಸಿದ್ದಾನೆ ಎಂದು ಯಾರಾದರೂ ಬೊಟ್ಟು ಮಾಡಬಹುದು. ನಿಜ. ಅದು ಮೇಲಿನ ತರಗತಿಯ ಪಾಠ. ಊಟದ ಮೇಜಿಗೆ ಸಪ್ತಮಿ ಸಾಕು. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿದರೂ ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ. ಹಾಗಾಗಿ ಅಂಥ ರಾತ್ರಿ ಬರೀ ಒಂದು ನಿಟ್ಟುಸಿರು, ಆಮೇಲೊಂದು ಆಮೆನ್ ಎಂದರೂ ನಡೆಯುತ್ತದೆ.

ನೋವಿನಲ್ಲಿ ಸ್ತೋತ್ರವನ್ನು ಪೌಲನೇ ಮಾಡಿ ತೋರಿಸಿದ ಒಂದು ಊಟವಿದೆ. ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೆಯ ದಿನ. ಹಡಗಿನಲ್ಲಿ 276 ಮಂದಿ, ಅಷ್ಟು ದಿನವೂ ಸರಿಯಾಗಿ ಉಂಡಿಲ್ಲ. ಬೆಳಗಾಗುವ ಹೊತ್ತಿಗೆ ಕೈದಿಯಾಗಿದ್ದ ಪೌಲ ರೊಟ್ಟಿ ತೆಗೆದುಕೊಂಡು, ಎಲ್ಲರೆದುರು ದೇವರಿಗೆ ಸ್ತೋತ್ರ ಹೇಳಿ, ಮುರಿದು ತಿನ್ನತೊಡಗಿದ. ಅದನ್ನು ನೋಡಿ ಉಳಿದವರೂ ಧೈರ್ಯ ತಂದುಕೊಂಡು ಉಂಡರು. ಸ್ತೋತ್ರ ಹೇಳಿದ್ದರಿಂದ ಹಡಗೇನೂ ಉಳಿಯಲಿಲ್ಲ. ಕೆಲವೇ ಹೊತ್ತಿನಲ್ಲಿ ದಿಬ್ಬಕ್ಕೆ ಬಡಿದು ಒಡೆಯಿತು. ಈಜಿದವರು ಈಜಿ, ಹಲಗೆ ಹಿಡಿದವರು ಹಲಗೆ ಹಿಡಿದು, ಎಲ್ಲರೂ ಮಾಲ್ಟಾದ ದಡ ಸೇರಿದರು. ಹೊಟ್ಟೆಗೆ ಒಂದಿಷ್ಟು ಬಿದ್ದಿದ್ದರಿಂದ ಈಜಲು ಕಸುವಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆಮೆನ್ ಆದ ಮೇಲಿನ ಮೊದಲ ಮಾತು ಯಾವುದು ಎಂಬುದನ್ನು ಒಂದು ವಾರ ಗಮನಿಸಿ ನೋಡಬೇಕು. ‘ಉಪ್ಪು ಕಮ್ಮಿ’ ಎಂಬುದು ಗೆಲ್ಲುವ ಸಾಧ್ಯತೆ ಹೆಚ್ಚು. ಮರುಭೂಮಿಯಲ್ಲಿ ದೇವರು ಸುರಿಸಿದ ಮನ್ನ ಎಂಬ ಆಹಾರ ತಿಂದ ಇಸ್ರಾಯೇಲ್ಯರೂ ಬಿಟ್ಟುಬಂದ ಐಗುಪ್ತದ (ಈಜಿಪ್ಟಿನ) ಸವತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಯನ್ನು ನೆನೆದು ಗೊಣಗಿದವರೇ. ಗುಲಾಮಗಿರಿ ಮರೆತುಹೋಗಿತ್ತು, ಬೆಳ್ಳುಳ್ಳಿ ಮರೆತಿರಲಿಲ್ಲ.

ನಿಜಕ್ಕೂ ಕಷ್ಟದ ಪ್ರಾರ್ಥನೆ ಊಟದ ನಂತರದ್ದು. ಹಸಿದವರಿಗೆ ದೇವರು ನೆನಪಾಗುವುದು ಸಹಜ. ಮುಂದೆ ತಟ್ಟೆ ಇದೆ, ಮೂಗಿಗೆ ಪರಿಮಳ ಬರುತ್ತಿದೆ. ಹೊಟ್ಟೆ ತುಂಬಿದ ಮೇಲೆ ಎಲ್ಲರಿಗೂ ಏಳುವ ಅವಸರ. ಬೈಬಲಿನ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯ ಸ್ತೋತ್ರ ಕೇಳುವುದು ಉಂಡು ತೃಪ್ತರಾದ ಮೇಲೆಯೇ, ಬೆನ್ನಿಗೇ ಎಚ್ಚರಿಸುವುದು ಉಂಡವರ ಮರೆವಿನ ಬಗ್ಗೆ. ಲೂಥರನೂ ಊಟದ ನಂತರಕ್ಕೆ ಬೇರೆಯೇ ಪ್ರಾರ್ಥನೆ ಕೊಟ್ಟಿದ್ದ. ಮನೆಗಳಲ್ಲಿ ಮೊದಲು ಬಿಟ್ಟುಹೋದದ್ದು ಅದೇ. ಮತ್ತೆ ಶುರು ಮಾಡುವುದಾದರೆ ಕೂತಲ್ಲೇ ಆಗಬೇಕೆಂದಿಲ್ಲ. ತಟ್ಟೆ ಎತ್ತುವಾಗ, ಉಳಿದದ್ದನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತುವಾಗ ಹೇಳಿಕೊಂಡರೂ ಆಯಿತು. ಐದು ಸಾವಿರ ಗಂಡಸರು, ಮೇಲೆ ಹೆಂಗಸರು ಮಕ್ಕಳು ಉಂಡೆದ್ದ ಆ ಸಂಜೆ, ಒಂದು ತುಣುಕೂ ಹಾಳಾಗಬಾರದು, ಕೂಡಿಸಿರಿ ಎಂದು ಯೇಸು ಶಿಷ್ಯರಿಗೆ ಹೇಳಿದ. ಹನ್ನೆರಡು ಬುಟ್ಟಿ ತುಂಬಿತು. ಆ ಬುಟ್ಟಿಗಳನ್ನು ಆಮೇಲೆ ತೊಳೆದಿಟ್ಟವರು ಯಾರೆಂದು ನಾಲ್ವರು ಸುವಾರ್ತಿಕರಲ್ಲಿ ಒಬ್ಬನೂ ಬರೆದಿಲ್ಲ.