ರಷ್ಯನ್ ಸಾಹಿತ್ಯದ ಸಂಶೋಧನೆಯಲ್ಲಿ ಕನ್ನಡಕ್ಕೂ ಜಾಗ ಬೇಕು

ದೆಹಲಿಯಲ್ಲಿ ನೆಲೆಸಿ ರಷ್ಯನ್ ಸಾಹಿತ್ಯವನ್ನು ತೌಲನಿಕವಾಗಿ ಅಭ್ಯಾಸ ಮಾಡುತ್ತಿರುವ ನನಗೆ, ಡಾಕ್ಟರೇಟ್ ಎಂಬ ಒಂದೇ ಹೆಸರಿನಡಿ ಒಂದೊಂದು ದೇಶವೂ ಒಂದೊಂದು ಬಗೆಯ ವಿದ್ವತ್ತನ್ನು ಬಯಸುತ್ತದೆ ಎಂಬುದು ಮನವರಿಕೆಯಾಗಿದೆ. ಅಮೆರಿಕದ ವಿಶ್ವವಿದ್ಯಾಲಯಗಳ ಸ್ಲಾವಿಕ್ (ರಷ್ಯನ್ ಮತ್ತು ಅದರ ಸೋದರ ಭಾಷೆಗಳ) ವಿಭಾಗಗಳಲ್ಲಿ ಸಂಶೋಧಕರು ಮೊದಲು ತರಗತಿಗಳನ್ನು ಮುಗಿಸಿ, ಉದ್ದನೆಯ ಓದುಪಟ್ಟಿಯ ಮೇಲೆ ಪರೀಕ್ಷೆ ಎದುರಿಸಿದ ನಂತರವೇ ಪ್ರಬಂಧಕ್ಕೆ ಕೈಹಾಕುತ್ತಾರೆ. ರಷ್ಯದಲ್ಲಿ ಪ್ರಬಂಧದ ಸಾರವನ್ನು ‘ಅವ್ತೊರೆಫೆರಾತ್’ ಎಂಬ ಕಿರುಹೊತ್ತಗೆಯಾಗಿ ಮೊದಲೇ ಹಂಚಿ, ನೇಮಿತ ‘ಪ್ರತಿವಾದಿ’ಗಳ ಎದುರು ಬಹಿರಂಗವಾಗಿ ಸಮರ್ಥಿಸಿಕೊಳ್ಳಬೇಕು. ಈ ಪದ್ಧತಿಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ, ಆದರೂ ಅದರ ಮಿತಿಯನ್ನು ಮರೆಯಲಾರೆ: ರಷ್ಯದ ಸಾಹಿತ್ಯ ಚಿಂತಕ ಬಖ್ತಿನ್ 1946ರಲ್ಲಿ ಮಾಸ್ಕೋದಲ್ಲಿ ಫ್ರೆಂಚ್ ಲೇಖಕ ರಾಬ್ಲೇ ಕುರಿತ ಪ್ರಬಂಧವನ್ನು ಸಮರ್ಥಿಸಿದಾಗ ವಿದ್ವಾಂಸರು ತೀವ್ರವಾಗಿ ವಾದಿಸಿದರು, ಆದರೆ ಕೊನೆಗೆ ಬಖ್ತಿನ್ ಅವರಿಗೆ ದೊರೆತದ್ದು ಕೆಳಹಂತದ ‘ಕಾಂದಿದಾತ್’ ಪದವಿ ಮಾತ್ರ.

ನಮ್ಮಲ್ಲಿ ತೌಲನಿಕ ಅಧ್ಯಯನವೆಂದರೆ ಸಾಮಾನ್ಯವಾಗಿ ಗೋರ್ಕಿ ಮತ್ತು ಪ್ರೇಮಚಂದರಂಥ ಜೋಡಿಯನ್ನು ಆರಿಸಿಕೊಂಡು ಸಾಮ್ಯ, ವೈಷಮ್ಯಗಳನ್ನು ಗುರುತಿಸುವುದು. ಇಷ್ಟಕ್ಕೆ ನಿಂತರೆ ಕೃತಿಗಳು ಒಂದು ನಾಡಿನಿಂದ ಇನ್ನೊಂದಕ್ಕೆ ನಡೆದುಬಂದ ದಾರಿ ಕಾಣುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಪೀಟರ್ಸ್‌ಬರ್ಗಿನ ಸಾಹಿತ್ಯ ವಿದ್ವಾಂಸ ಅಲೆಕ್ಸಾಂಡರ್ ವೆಸೆಲೋವ್‌ಸ್ಕಿ ಕಥಾವಸ್ತುಗಳು ಭಾಷೆಯಿಂದ ಭಾಷೆಗೆ ಸಂಚರಿಸುವ ಬಗೆಯನ್ನು ಸಂಶೋಧನೆಯ ವಿಷಯವಾಗಿಸಿದ್ದರು. ನಾವು ಅವರಿಂದ ಕಲಿಯಬೇಕಾದದ್ದು ಇದನ್ನೇ.

ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನೇ ನೋಡಿ. ಮೂಲದಲ್ಲಿ ಕಾದಂಬರಿ ತೆರೆದುಕೊಳ್ಳುವುದು ಫ್ರೆಂಚ್ ಮಾತಿನಿಂದ. ನೆಪೋಲಿಯನ್ನನನ್ನು ಬಯ್ಯುವ ಪೀಟರ್ಸ್‌ಬರ್ಗಿನ ಕುಲೀನ ಹೆಂಗಸು ಬಯ್ಯುವುದೂ ಅವನ ಸಾಮ್ರಾಜ್ಯದ ಭಾಷೆಯಲ್ಲೇ. ಟಾಲ್‌ಸ್ಟಾಯ್ ಸ್ವತಃ 1873ರ ಆವೃತ್ತಿಯಲ್ಲಿ ಫ್ರೆಂಚ್ ಭಾಗಗಳನ್ನು ರಷ್ಯನ್ನಿಗೆ ತಂದರು, ಮುಂದಿನ ಆವೃತ್ತಿಯೊಂದರಲ್ಲಿ ಫ್ರೆಂಚ್ ಮರಳಿ ಬಂತು. ಕನ್ನಡಕ್ಕೆ ಈ ಕಾದಂಬರಿಯನ್ನು ತಂದವರಲ್ಲಿ ದೇಜಗೌ ಒಬ್ಬರು. ಟಾಲ್‌ಸ್ಟಾಯ್ ನಮಗೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದಿರುವಾಗ, ಮೂಲದ ಫ್ರೆಂಚ್ ಮತ್ತು ರಷ್ಯನ್ ನಡುವಿನ ಬಿರುಕು ನಮ್ಮ ಓದುಗರ ತನಕ ಎಷ್ಟು ತಲುಪಿದೆ, ಆಡಳಿತದ ಭಾಷೆ ಒಂದು, ಮನೆಮಾತು ಇನ್ನೊಂದಾಗಿದ್ದ ನಮ್ಮ ಸಮಾಜ ಅದನ್ನು ಹೇಗೆ ಗ್ರಹಿಸಿತು ಎಂಬುದು ಒಂದು ಪಿಎಚ್‌.ಡಿ.ಗೆ ತಕ್ಕ ಪ್ರಶ್ನೆ. ರಷ್ಯನ್, ಇಂಗ್ಲಿಷ್, ಕನ್ನಡ ಮೂರನ್ನೂ ಸಾಲು ಸಾಲಾಗಿ ಎದುರಿಟ್ಟು ಓದದೆ ಅದಕ್ಕೆ ಉತ್ತರ ಸಿಗದು.

ಇಂಥ ಕೆಲಸ ಮಾಸ್ಕೋದಲ್ಲಾಗಲಿ ಅಮೆರಿಕದಲ್ಲಾಗಲಿ ಸುಲಭವಾಗಿ ನಡೆಯದು, ಏಕೆಂದರೆ ಅಲ್ಲಿ ಕನ್ನಡ ಬಲ್ಲ ಪರೀಕ್ಷಕರು ಅಪರೂಪ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ರಷ್ಯನ್ ಅಧ್ಯಯನ ಕೇಂದ್ರವೂ ಇದೆ, ಕನ್ನಡ ಪೀಠವೂ ಇದೆ. ಕನ್ನಡದ ವಿದ್ಯಾರ್ಥಿಗಳು ಇಂಥ ಕಡೆ ಎರಡೂ ಭಾಷೆಗಳಿಂದ ಒಬ್ಬೊಬ್ಬ ಮಾರ್ಗದರ್ಶಕರನ್ನು ಕೇಳಿ ಪಡೆಯಬೇಕು, ಕನ್ನಡ ಪಠ್ಯಗಳನ್ನು ಅನುಬಂಧಕ್ಕೆ ತಳ್ಳದೆ ಪ್ರಬಂಧದ ಮುಖ್ಯ ಅಧ್ಯಾಯಗಳಲ್ಲೇ ಚರ್ಚಿಸಬೇಕು.